ಕರ್ತೃವಿಲ್ಲದ ವಾಕ್ಯ

‘ತಪ್ಪಾಯ್ತು’ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹರಿಣಾಕ್ಷಿ ಪಕ್ಕಕ್ಕೆ ಸರಿದು ನಿಂತಳು.

"ಈ ವಾಕ್ಯದಲ್ಲಿ ತಪ್ಪು ಉಂಟು. ತಪ್ಪು ಮಾಡಿದವರು ಎಲ್ಲಿದ್ದಾರೆ, ಹೇಳಿ ನೋಡುವಾ."

ಐದು ಜನರ ತರಗತಿ. ನೆರೂಳಿನ ಆ ಕಾಲೇಜಿನ ಮೂರನೆಯ ಮಹಡಿಯ ಕೊನೆಯ ಕೊಠಡಿಯನ್ನು ಶನಿವಾರ ಬೆಳಿಗ್ಗೆ ಕನ್ನಡ ಎಂ.ಎ.ಯವರಿಗೆಂದು ಬಿಟ್ಟುಕೊಡುತ್ತಿದ್ದರು. ಬರುವವರೆಲ್ಲ ವಾರವಿಡೀ ಎಲ್ಲಾದರೂ ದುಡಿಯುವವರು. ಶನಿವಾರದ ನಿದ್ದೆ ಬಿಟ್ಟು ಬಂದವರು. ಮುಂದಿನ ಬೆಂಚಿನಲ್ಲಿ ಕೂತಿದ್ದ ದಿಶಾ ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಬೇಲಾಪುರದ ಬ್ಯಾಂಕೊಂದರಲ್ಲಿ ಕೆಲಸ.

"ಕರ್ತೃನೇ ಇಲ್ಲ ಮೇಡಂ. ಗಾಯಬ್!" ಅಂದಳು ಅವಳು.

"ಸರಿ. ‘ಲೋಟ ಒಡೆಯಿತು’ ಅಂತ ಒಬ್ಬರು ಹೇಳ್ತಾರೆ. ‘ನಾನು ಲೋಟ ಒಡೆದೆ’ ಅಂತ ಇನ್ನೊಬ್ಬರು. ನಡೆದದ್ದು ಒಂದೇ. ಆದರೆ ಮೊದಲನೆಯವರು ಫೋಟೋ ತೆಗೆದದ್ದು ಲೋಟದ್ದು ಮಾತ್ರ. ಒಡೆದ ಕೈ ಫೋಟೋದ ಹೊರಗೆ ಉಳಿಯಿತು. ನಾವು ಒಂದು ಘಟನೆಯನ್ನು ಮನಸ್ಸಿನಲ್ಲಿ ಹೇಗೆ ಕಂಡುಕೊಳ್ಳುತ್ತೇವೋ ಅದೇ ವ್ಯಾಕರಣವಾಗಿ ಹೊರಗೆ ಬರ್ತದೆ. ಈ ಶಾಸ್ತ್ರ ಹೇಳುವುದು ಮುಖ್ಯವಾಗಿ ಇಷ್ಟನ್ನೇ."

ಅರಿವಿನ ಭಾಷಾವಿಜ್ಞಾನ ಎಂಬ ಆ ಪತ್ರಿಕೆಗೆ ಕನ್ನಡದಲ್ಲಿ ಪಠ್ಯವಿರಲಿಲ್ಲ. ಇದ್ದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಅವುಗಳ ಉದಾಹರಣೆಗಳೂ ಇಂಗ್ಲಿಷಿನವೇ. ಊರಿನ ಪ್ರಕಾಶಕರೊಬ್ಬರು ಕೇಳಿದಾಗ ಹರಿಣಾಕ್ಷಿ ಒಪ್ಪಿಕೊಂಡು ಪಠ್ಯವೊಂದನ್ನು ಬರೆಯಲು ಕೂತಿದ್ದಳು. ನಾಲ್ಕು ಅಧ್ಯಾಯ ಮುಗಿದಿತ್ತು. ಐದನೆಯದನ್ನು ಮೊದಲು ತರಗತಿಯಲ್ಲಿ ಹೇಳಿ ನೋಡುವುದು, ಹುಡುಗರಿಗೆ ಅರ್ಥವಾದರೆ ಬರೆಯುವುದು ಎಂದು ಅವಳ ಲೆಕ್ಕಾಚಾರ.

"ಒಂದು ನಿಜವಾದ ಉದಾಹರಣೆ ಕೊಡ್ತೇನೆ, ಬರೆದುಕೊಳ್ಳಿ," ಅಂದಳು. "ಒಬ್ಬರು ವಯಸ್ಸಾದ ಹೆಂಗಸು. ಅವರನ್ನು ನೋಡಿಕೊಳ್ಳಲಿಕ್ಕೆ ಒಬ್ಬ ಆಯಾ. ಒಂದು ದಿನ ಸ್ನಾನ ಮಾಡಿಸುವಾಗ ಬಾತ್‌ರೂಮಿನಲ್ಲಿ ಅವರು ಬಿದ್ದು ಸೊಂಟದ ಎಲುಬು ಮುರಿಯಿತು. ಎಂತಾಯ್ತು ಅಂತ ಕೇಳಿದ್ದಕ್ಕೆ ಆಯಾ ಹೇಳಿದ್ದು ಎರಡೇ ವಾಕ್ಯ. ‘ತಪ್ಪಾಯ್ತು. ಕೈಯಿಂದ ಜಾರಿದರು.’ ನೋಡಿ, ಎರಡರಲ್ಲೂ ಅವಳು ಇಲ್ಲ. ಹೊಣೆಯಿಂದ ತಪ್ಪಿಸಿಕೊಳ್ಳುವವರಿಗೆ ವ್ಯಾಕರಣವೇ ಹಿಂದಿನ ಬಾಗಿಲು ತೆರೆದು ಕೊಡ್ತದೆ."

ಆ ವಯಸ್ಸಾದ ಹೆಂಗಸು ತನ್ನ ತಾಯಿ ಎಂದು ಅವಳು ಹೇಳಲಿಲ್ಲ. ನಾಲ್ಕು ಪೆನ್ನುಗಳು ಓಡಿದವು. ಒಂದು ನಿಂತಿತು.

ನಿಲ್ಲಿಸಿದವನು ಪ್ರಭುದೇವ. ನಲವತ್ತಾರು ದಾಟಿದವನು. ಇಂಡಿ ತಾಲೂಕಿನ ಕಡೆಯವನು. ವಾಶಿಯ ಧಾನ್ಯ ಮಾರುಕಟ್ಟೆಯಲ್ಲಿ ಜೋಳದ ವ್ಯಾಪಾರಿಯೊಬ್ಬರ ಹತ್ತಿರ ಇಪ್ಪತ್ತು ವರ್ಷದಿಂದ ಗುಮಾಸ್ತ. ತರಗತಿಯಲ್ಲಿ ಅವನು ಬಾಯಿ ಬಿಡುವುದೇ ಅಪರೂಪ.

"ಮೇಡಂ, ಒಂದ್ ಮಾತ್ ಕೇಳ್ಲೇನ್ರಿ? ಆ ಹೆಣ್ಮಗಳು ಯಾವ ಕಡೀಕಿ?"

"ನಿಮ್ಮ ಕಡೆಯವಳೇ. ಬಿಜಾಪುರದ ಹತ್ತಿರ."

"ಹಂಗಾರ ಆಕಿ ‘ತಪ್ಪಾಯ್ತು’ ಅಂದಿರಾಕಿಲ್ರಿ. ‘ತಪ್ಪಾತ್ರೀ’ ಅಂದಿರ್ತಾಳ."

ದಿಶಾ ಕಿಸಕ್ಕನೆ ನಕ್ಕಳು. ಪ್ರಭುದೇವ ನಗಲಿಲ್ಲ. ಪೆನ್ನನ್ನು ಪುಸ್ತಕದ ನಡುವೆ ಇಟ್ಟು, ಮಾತನ್ನು ಹುಡುಕಿಕೊಳ್ಳುವವನಂತೆ ನಿಧಾನವಾಗಿ ಹೇಳಿದ.

"ನಮ್ಮ ಕಡೆ ಹಂಗಂದ್ರ ನಾ ಮಾಡೀನಿ ಅಂತನೂ ಅಲ್ಲ, ನಾ ಮಾಡಿಲ್ಲ ಅಂತನೂ ಅಲ್ಲರಿ. ನೀವು ಮನೀಗಿ ಬಂದಾಗ ಕರೆಂಟ್ ಹೋತು ಅಂದ್ರೂ ಅಂತೀವಿ. ಯಾರರ ತೀರಿಕೊಂಡಾಗ ಮಣ್ಣಿಗಿ ಹೋಗೂದು ತಡಾತು ಅಂದ್ರೂ ಅಂತೀವಿ. ನಿಮಗ ತ್ರಾಸ ಆಗೇತಿ, ಅದು ನನಗ ತಿಳಿದೈತಿ, ಅಷ್ಟರಿ ಅದು. ತಪ್ಪಿಸ್ಕೊಳ್ಳೂ ಮಾತಲ್ಲ."

"ಅದೂ ಒಂದು ಮುಖ್ಯ ಅಂಶವೇ," ಎಂದು ಹರಿಣಾಕ್ಷಿ ಬೋರ್ಡಿನ ಕಡೆ ತಿರುಗಿದಳು.

"ಆಮ್ಯಾಲ ಆಕಿ ಏನಾದ್ಲರಿ?" ಹಿಂದಿನಿಂದ ಪ್ರಭುದೇವನ ದನಿ.

"ಯಾರು?"

"ಆ ಆಯಾ ರೀ."

"ಗೊತ್ತಿಲ್ಲ," ಅಂದಳು ಹರಿಣಾಕ್ಷಿ.

ಮನೆಗೆ ಬಂದವಳು ಊಟಕ್ಕೆ ಕೂರುವ ಮೊದಲೇ ಕಪಾಟಿನಿಂದ ಅಮ್ಮನ ಆಸ್ಪತ್ರೆಯ ಫೈಲನ್ನು ಇಳಿಸಿದಳು. ಎಕ್ಸ್‌ರೇ, ರಿಪೋರ್ಟು, ಡಿಸ್ಚಾರ್ಜ್ ಕಾಗದಗಳ ಅಡಿಯಲ್ಲಿ ಆಯಾಗಳನ್ನು ಕಳಿಸುವ ಠಾಣೆಯ ಬ್ಯೂರೋದ ಫಾರಂ ಇತ್ತು. ಝೆರಾಕ್ಸ್ ಪ್ರತಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒತ್ತಿ ಹಿಡಿದು ಬರೆದದ್ದರಿಂದ ಅಕ್ಷರ ಅಂಕುಡೊಂಕು. ‘ಆಯಾಳ ಹೇಳಿಕೆ’ ಎಂಬ ಕಾಲಮ್ಮಿನಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು. ರೋಗಿಯನ್ನು ತಾನೇ ಬೀಳಿಸಿದೆನೆಂದು ಆಯಾ ಒಪ್ಪಿಕೊಂಡಿದ್ದಾಳೆ. ಕೆಳಗೆ ಹರಿಣಾಕ್ಷಿಯದೇ ಸಹಿ, ಸಹಿಯ ಕೆಳಗೆ ಹೆಸರು, ಹೆಸರಿನ ಮುಂದೆ ಭಾಷಾವಿಜ್ಞಾನದ ಪಿಎಚ್.ಡಿ. ಅದರ ಪಕ್ಕದಲ್ಲಿ ಕನ್ನಡದಲ್ಲಿ ಗುಂಡಗೆ, ಶಾಲೆಯ ಹುಡುಗಿಯ ಅಕ್ಷರದಲ್ಲಿ, ಆಯಾಳ ಸಹಿ, ‘ನೀಲಗಂಗಾ ಹಡಪದ’.

ಹರಿಣಾಕ್ಷಿ ಆ ಸಾಲನ್ನು ಮತ್ತೆ ಓದಿದಳು. ಎರಡು ಗಂಟೆಯ ಹಿಂದೆ ತರಗತಿಯಲ್ಲಿ ಆಡಿದ ಮಾತು ನೆನಪಾಯಿತು. ನೀಲಗಂಗಾಳ ವಾಕ್ಯದಲ್ಲಿ ಅವಳೇ ಇಲ್ಲ ಎಂದು ದೂರಿದವಳು ತಾನು. ಇಲ್ಲದವಳನ್ನು ವಾಕ್ಯದೊಳಗೆ ಎಳೆದು ತಂದು, ಎಲ್ಲಕ್ಕಿಂತ ಮುಂದೆ ಕೂರಿಸಿ, ಕ್ರಿಯಾಪದವನ್ನು ಅವಳ ಕೈಗೆ ಕೊಟ್ಟವಳೂ ತಾನೇ.

ಮೊನ್ನೆಮೊನ್ನೆಯಂತಿತ್ತು. ಐದು ತಿಂಗಳಾಗಿತ್ತು. ಅಂದು ಹಾಲ್‌ನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಹರಿಣಾಕ್ಷಿ ಸದ್ದು ಕೇಳಿ ಓಡಿದಾಗ ಅಮ್ಮ ನೆಲದಲ್ಲಿದ್ದರು; ನೀಲಗಂಗಾ ಅವರ ಬೆನ್ನಿಗೆ ಮೊಣಕಾಲು ಆನಿಸಿಕೊಂಡು ಕೂತಿದ್ದಳು. "ತಪ್ಪಾತ್ರೀ ಅಕ್ಕಾರ, ತಪ್ಪಾತ್ರೀ, ಕೈಯಾಗಿಂದ ಜಾರಿದ್ರು" ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಆಂಬ್ಯುಲೆನ್ಸಿನಲ್ಲೂ ಅದೇ. ಸಂಜೆ ಬ್ಯೂರೋದವರು ಫಾರಂ ಕಳಿಸಿ, ಏನಾಯಿತೆಂದು ಬರೆಯಿರಿ ಎಂದಾಗ ಆ ಮಾತು ಇನ್ನೂ ಕಿವಿಯಲ್ಲಿತ್ತು. ಬರೆದಳು. ಮರುದಿನದಿಂದ ಬೇರೆ ಆಯಾ ಬಂದಳು. ನೀಲಗಂಗಾಳನ್ನು ಪಟ್ಟಿಯಿಂದ ತೆಗೆದೆವು, ಕ್ಷಮಿಸಿ ಎಂದು ಬ್ಯೂರೋದಿಂದ ಫೋನ್ ಬಂತು. ಅಷ್ಟು ಅವಸರದಲ್ಲಿ ಅದು ನ್ಯಾಯವಾಗಿಯೇ ಕಂಡಿತ್ತು.

ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿದ್ದರು, ಪಕ್ಕದಲ್ಲಿ ವಾಕರ್. ರತ್ನಾವತಿಯವರಿಗೆ ಎಂಬತ್ತೊಂದು. ಉಡುಪಿ ಬಿಟ್ಟು ಮಗಳ ಜತೆ ಇರಲು ಬಂದು ಒಂಬತ್ತು ವರ್ಷವಾಗಿದ್ದರೂ ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಿಲ್ಲ. ಕೆಳಗೆ ಸೊಸೈಟಿಯ ಗೇಟಿನಲ್ಲಿ ಯಾರ ಮನೆಗೋ ಬಂದ ಸೋಫಾವನ್ನು ಇಳಿಸುತ್ತಿರುವುದನ್ನು ನೋಡುತ್ತಿದ್ದರು.

"ಅಮ್ಮಾ, ಆನಿ ಎಂಚ ಬೂರಿನಿ?" ಆ ದಿನ ಬಿದ್ದದ್ದು ಹೇಗೆ ಎಂದು ಹರಿಣಾಕ್ಷಿ ಕೇಳಿದಳು. ಐದು ತಿಂಗಳಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ನೋವು, ಆಮೇಲೆ ಜ್ವರ. ಅಮ್ಮ ತಾವಾಗಿ ಮಾತೆತ್ತಿದರೂ, ಈಗ ಅದೆಲ್ಲ ಬೇಡ ಎಂದು ಬಾಯಿ ಮುಚ್ಚಿಸಿದ್ದಳು.

ಅಮ್ಮ ಸೋಫಾದಿಂದ ಕಣ್ಣು ತೆಗೆಯದೆ ಹೇಳಿದರು. ನೆಲದಲ್ಲಿ ಸೋಪಿನ ನೀರಿತ್ತು. ಟವೆಲು ತಾನೇ ತೆಗೆದುಕೊಳ್ಳುತ್ತೇನೆಂದು ಅವಳ ಕೈ ಬಿಟ್ಟರು. ಕಾಲು ಜಾರಿತು. ಅವಳು ಹಿಡಿಯಲು ಬಂದಳು, ಅವಳೂ ಜಾರಿದಳು.

"ಅವಳೂ ಬಿದ್ದಳಾ?"

"ಅವಳು ಕೆಳಗೆ, ನಾನು ಅವಳ ಮೇಲೆ," ಎಂದರು ಅಮ್ಮ ತುಳುವಿನಲ್ಲಿ. "ಇಲ್ಲದಿದ್ದರೆ ನಲ್ಲಿಗೆ ತಲೆ ಹೊಡೆದು ಅವತ್ತೇ ಮುಗೀತಿತ್ತು. ಪಾಪ, ಅವಳ ಕೈಗೆ ಏನೋ ಆಯಿತು. ಅತ್ತುಬಿಟ್ಟಳು." ಆಮೇಲೆ ಮಗಳ ಕಡೆ ತಿರುಗಿ, "ಆಳೆನ್ ದಾಯೆ ಕಡಪುಡಿಯ?" ಅಂದರು. ಅವಳನ್ನು ಯಾಕೆ ಕಳಿಸಿಬಿಟ್ಟೆ?

ಆ ವಾರವೆಲ್ಲ ಹರಿಣಾಕ್ಷಿ ನೀಲಗಂಗಾಳ ನಂಬರಿಗೆ ಫೋನ್ ಮಾಡಿದಳು. ನಂಬರು ಚಾಲ್ತಿಯಲ್ಲಿರಲಿಲ್ಲ. ಫೈಲಿನಲ್ಲಿದ್ದ ಆಧಾರ್ ಪ್ರತಿಯಲ್ಲಿ ಊರಿನ ವಿಳಾಸ. ಬ್ಯೂರೋದವರು, ಪಟ್ಟಿಯಲ್ಲಿಲ್ಲದವರ ವಿವರ ಕೊಡಲು ಬರುವುದಿಲ್ಲ ಎಂದರು. ಬದಲಾಪುರದಲ್ಲಿ ಎಲ್ಲೋ ಇರುತ್ತಾಳೆ, ಅಲ್ಲಿಂದ ದಿನಾ ಬೆಳಿಗ್ಗೆ ಐದೂವರೆಯ ಗಾಡಿ ಹಿಡಿದು ಬರುತ್ತಿದ್ದಳು ಎನ್ನುವುದಷ್ಟೇ ಗೊತ್ತಿದ್ದದ್ದು. ಏಳು ತಿಂಗಳು ಮನೆಯಲ್ಲಿ ಓಡಾಡಿದವಳ ಬಗ್ಗೆ ತನಗೆ ಅಷ್ಟೇ ಗೊತ್ತಿತ್ತೇ ಎಂದು ಹರಿಣಾಕ್ಷಿಗೆ ನಾಚಿಕೆಯಾಯಿತು.

ಶನಿವಾರ ಪಾಠ ಮುಗಿದ ಮೇಲೆ ಪ್ರಭುದೇವನನ್ನು ನಿಲ್ಲಿಸಿಕೊಂಡಳು. ಆ ಮುದುಕಿ ಯಾರು, ಫಾರಂ ತುಂಬಿದವರು ಯಾರು, ಎಲ್ಲವನ್ನೂ ಹೇಳಿದಳು. ಅವನ ಮುಖ ನೋಡಿ ಹೇಳಲಾಗದೆ ಬೋರ್ಡು ಒರೆಸುತ್ತ ಹೇಳಿದಳು.

ಪ್ರಭುದೇವ ಚೀಲವನ್ನು ಮತ್ತೆ ಬೆಂಚಿನ ಮೇಲಿಟ್ಟು, "ಬದಲಾಪುರದಾಗ ನಮ್ಮ ಕಡೀ ಮಂದಿ ಬಾಳ ಅದಾರ್ರಿ ಮೇಡಂ," ಅಂದ. "ನಮ್ಮ ಸೇಟ್‌ಜಿ ಅಂಗಡಿ ಜೋಳ ಅಲ್ಲಿಗಿ ಹೋಗ್ತದ. ರೊಟ್ಟಿ ಬಡಿಯೂ ಹೆಣ್ಮಕ್ಕಳು ತೊಗೊಳ್ತಾರ. ಅವರಿಗಿ ಕೇಳಿದ್ರ ಗೊತ್ತಾಗ್ತದ."

ಬುಧವಾರ ಅವನ ಮೆಸೇಜು ಬಂತು. ಬದಲಾಪುರ ಪೂರ್ವ, ಸ್ಟೇಶನ್ನಿನಿಂದ ಶೇರ್ ರಿಕ್ಷಾದಲ್ಲಿ ಐದು ನಿಮಿಷ, ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರ, ಗಣಪತಿ ಗುಡಿಯ ಎದುರು.

ಭಾನುವಾರ ಹತ್ತು ಗಂಟೆಗೆ ಹರಿಣಾಕ್ಷಿ ಅಲ್ಲಿ ಇಳಿದಳು. ಅಂಗಡಿಯ ಮುಂದೆ ಗಾಜಿನ ಪೆಟ್ಟಿಗೆ. ಅದರಲ್ಲಿ ಚಪಾತಿಯ ಒಟ್ಟಲು, ಹೋಳಿಗೆ, ಜೋಳದ ಕಡಕ ರೊಟ್ಟಿ. ಹಿಂದೆ ಉದ್ದನೆಯ ಕೋಣೆ. ಮೂರು ಒಲೆ, ಮೂವರು ಹೆಂಗಸರು. ಒಳಗಿನಿಂದ ಒಂದೇ ಸಮನೆ ರೊಟ್ಟಿ ಬಡಿಯುವ ಸದ್ದು.

ಕೊನೆಯ ಒಲೆಯ ಮುಂದೆ ಕೂತಿದ್ದವಳು ತಲೆಯೆತ್ತಿ ನೋಡಿದಳು. ಬಲಗೈಯಲ್ಲಿ ಬಡಿಯುತ್ತಿದ್ದಳು. ಎಡಗೈಯ ಮಣಿಕಟ್ಟಿಗೆ ಹಳೆಯ ಸೀರೆಯ ಅಂಚನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು. ಆ ಕೈಯ ಬೆರಳ ತುದಿಯಿಂದ ರೊಟ್ಟಿಯನ್ನು ತಿರುಗಿಸುತ್ತಿದ್ದಳಷ್ಟೇ.

"ಅಯ್ಯ, ಅಕ್ಕಾರ!" ಎಂದು ಎದ್ದು ನಿಂತಳು ನೀಲಗಂಗಾ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೊದಲು ಕೇಳಿದ್ದು, "ಅವ್ವಾರು ಹೆಂಗದಾರ್ರಿ? ಅಡ್ಡಾಡ್ತಾರೇನು?"

"ವಾಕರ್ ಹಿಡಿದು ನಡೀತಾರೆ. ನಿನ್ನನ್ನು ಕೇಳ್ತಾ ಇರ್ತಾರೆ."

"ಬರ್ರಿ, ಕೂಡ್ರಿ. ಸೆಕಿ ಬಾಳ ಐತಿ ಇಲ್ಲಿ." ಒಂದು ಪ್ಲಾಸ್ಟಿಕ್ ಸ್ಟೂಲನ್ನು ಬಾಗಿಲ ಹತ್ತಿರ ಗಾಳಿಗೆ ಎಳೆದಿಟ್ಟಳು. ಕೇಳದೆಯೇ ಒಂದು ಬಿಸಿರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ತಟ್ಟೆ ತಂದು ಕೈಗಿತ್ತಳು. ಹರಿಣಾಕ್ಷಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ, ಠಾಣೆಯಲ್ಲಿ ಗಾಡಿ ಬದಲಿಸುವಾಗಲೂ, ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಈಗ ಬಾಯಿಗೆ ಬಂದದ್ದು ಒಂದೇ ಮಾತು.

"ತಪ್ಪಾಯ್ತು ನೀಲಗಂಗಾ."

"ಆತ್ ಬಿಡ್ರಿ," ಅಂದಳು ನೀಲಗಂಗಾ ತಕ್ಷಣ. ಆಮೇಲೆ, "ಏನಾತ್ರಿ?" ಅಂದಳು.

ಹರಿಣಾಕ್ಷಿ ಫಾರಮ್ಮಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದಳು. ಇದ್ದದ್ದನ್ನು ಇದ್ದಂತೆ. ನೀಲಗಂಗಾ ನೆಲದ ಮೇಲೆ ಕೂತು ಕೇಳಿದಳು. ಪಕ್ಕದ ಒಲೆಯವಳು ಬಡಿಯುವುದನ್ನು ನಿಲ್ಲಿಸಿ ಇತ್ತ ಕಿವಿಗೊಟ್ಟಿದ್ದಳು.

"ಹಂಗ ಬರದಿದ್ರೇನ್ರಿ?" ನೀಲಗಂಗಾಳ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವಿತ್ತು. "ನನಗ ಇಂಗ್ಲಿಷ್ ಬರೂದಿಲ್ಲ. ಇವರು ನಮ್ಮ ಭಾಷಾದವರು, ನಾ ಹೇಳಿದ್ದನ್ನ ಬರದಿರ್ತಾರ ಅಂತ ಸಹಿ ಹಾಕಿದ್ನಿ. ಅವ್ವಾರು ಬಿದ್ದಾರಲ್ಲ, ಅದಕ್ಕ ಬ್ಯೂರೋದವರಿಗಿ ಸಿಟ್ಟು ಬಂದೈತಿ ಅಂತನ ತಿಳಕೊಂಡಿದ್ದೆ ಇಷ್ಟು ದಿನ. ಅವರು ಹೇಳಿದ್ರು, ನೀನ ಒಪ್ಪಿಕೊಂಡೀಯಲ್ಲ ಅಂತ. ಏನ್ ಒಪ್ಪಿಕೊಂಡೀನಿ ಅಂತ ನನಗ ತಿಳೀಲೇ ಇಲ್ಲ."

"ಕೈಗೆ ಎಂತ ಆಗಿತ್ತು ಅಂತ ಯಾಕೆ ಹೇಳಲಿಲ್ಲ ನೀನು?"

"ಅವ್ವಾರ ಸೊಂಟ ಮುರದಿತ್ತಲ್ರಿ. ಅದರಾಗ ನನ್ನ ಕೈ ಏನ್ ಹೇಳೂದು? ಇಲ್ಲೇ ಸರಕಾರಿ ದವಾಖಾನ್ಯಾಗ ಪಟ್ಟಿ ಕಟ್ಟಿಸಿಕೊಂಡೆ. ಕೂಡೇತಿ, ಜರಾ ಸೊಟ್ಟ ಕೂಡೇತಿ."

ರೊಟ್ಟಿ ಆರುತ್ತಿತ್ತು. "ತಿನ್ರಿ," ಅಂದಳು ನೀಲಗಂಗಾ. ಹರಿಣಾಕ್ಷಿ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರವೆಂದೇ ಇರಲಿ ಎಂದು ಒರೆಸಿಕೊಳ್ಳಲಿಲ್ಲ.

"ಮನೆಗೆ ಬಾ. ಮತ್ತೆ ನೀನೇ ಅಮ್ಮನನ್ನು ನೋಡಿಕೋ."

ನೀಲಗಂಗಾ ತಲೆಯಲ್ಲಾಡಿಸಿದಳು. "ಅವ್ವಾರನ್ನ ನೋಡಾಕ ಒಮ್ಮಿ ಬರ್ತೀನಿ. ಕೆಲಸಕ್ಕ ಬರೂದಿಲ್ರಿ. ಸಿಟ್ಟೇನಿಲ್ಲ. ಆದ್ರ ಇನ್ನ ನಿಮ್ಮ ಮನ್ಯಾಗ ಒಂದು ಗಿಲಾಸ ಬಿದ್ರೂ ನನ್ನ ಎದಿ ಝಲ್ಲ ಅಂತೈತಿ. ಹಂಗ ಕೆಲಸ ಮಾಡಾಕ ಆಗೂದಿಲ್ಲ." ಮಣಿಕಟ್ಟಿನ ಸೀರೆಯಂಚನ್ನು ಬಿಗಿ ಮಾಡಿಕೊಂಡಳು. "ನನ್ನ ಸರ್ಟಿಫಿಕೇಟ್ ಬ್ಯೂರೋದವರ ಹಂತ್ಯಾಕ ಐತಿ. ಅದನ್ನ ಕೊಡಸ್ರಿ. ಆರು ತಿಂಗಳ ಕಲ್ಯಾಣಕ್ಕ ಹೋಗಿ ಕಲ್ತೀನ್ರಿ ನಾ. ಬಿ.ಪಿ. ನೋಡಾಕ ಬರ್ತೈತಿ, ಸುಗರ್ ನೋಡಾಕ ಬರ್ತೈತಿ, ಹಾಸಿಗಿ ಹಿಡದವರನ್ನ ಹೊಳ್ಳಿಸಿ ಮಲಗಸಾಕ ಬರ್ತೈತಿ. ರೊಟ್ಟಿ ಬಡಿಯೂದು ನಮ್ಮವ್ವ ಕಲಿಸ್ಯಾಳ. ಇದನ್ನ ನಾನ ಕಲ್ತಿದ್ದು."

ಮರುದಿನ ಹನ್ನೊಂದೂವರೆಗೆ ಇಬ್ಬರೂ ಠಾಣೆಯ ನೌಪಾಡಾದ ಬ್ಯೂರೋ ಕಚೇರಿಯಲ್ಲಿದ್ದರು. ಹರಿಣಾಕ್ಷಿ ಕಾಲೇಜಿಗೆ ರಜೆ ಹಾಕಿದ್ದಳು. ನೀಲಗಂಗಾ ತನ್ನ ಒಲೆಯನ್ನು ಪಕ್ಕದವಳಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಹಸಿರು ಸೀರೆಯುಟ್ಟು ಬಂದಿದ್ದಳು. ಮೊದಲ ಮಹಡಿಯ ಸಣ್ಣ ಕಚೇರಿ. ಮೇಜಿನ ಹಿಂದೆ ಅಂಬಾದಾಸ ಎಂಬ ಮ್ಯಾನೇಜರು, ಐವತ್ತರ ಆಸುಪಾಸು, ಮೃದು ದನಿಯ ಮನುಷ್ಯ. ಇಬ್ಬರಿಗೂ ಚಹಾ ಹೇಳಿ ಫೈಲು ತರಿಸಿದ.

"ಇದು ನಿಮ್ಮದೇ ಅಕ್ಷರ ತಾನೇ ಮ್ಯಾಡಮ್?" ಎಂದು ಮರಾಠಿಯಲ್ಲಿ ಕೇಳಿದ.

"ಹೌದು. ಅದು ಸರಿಯಿಲ್ಲ. ಅದನ್ನು ತೆಗೆಯಬೇಕು."

"ತೆಗೆಯಲು ಬರುವುದಿಲ್ಲ. ಬೇರೆ ಬರೆದುಕೊಟ್ಟರೆ ಇದರ ಮೇಲೆ ಪಿನ್ ಮಾಡಬಹುದು." ಅವನು ಸಹಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. "ನಿಜ ಹೇಳಬೇಕೆಂದರೆ, ಇಂಥ ಪ್ರಕರಣ ಬಂದಾಗ ನಾವು ಆಯಾಳನ್ನೂ ಕೂರಿಸಿಕೊಂಡು ಕೇಳುತ್ತೇವೆ. ಈ ಸಲ ಕೇಳಲಿಲ್ಲ. ಭಾಷೆಯ ಪ್ರೊಫೆಸರರು ಬರೆದದ್ದು, ಅವಳ ಭಾಷೆಯೂ ಅವರಿಗೆ ಬರುತ್ತದೆ, ಇನ್ನು ಕೇಳುವುದೇನು ಎಂದುಕೊಂಡೆವು."

ಹರಿಣಾಕ್ಷಿ ಬಿಳಿಹಾಳೆ ಕೇಳಿ ತೆಗೆದುಕೊಂಡಳು. ಮೂವತ್ತು ವರ್ಷ ಈ ಊರಲ್ಲಿದ್ದವಳಿಗೆ ಮರಾಠಿ ಬರೆಯುವುದು ಕಷ್ಟವಲ್ಲ. ತಾರೀಖು ಹಾಕಿ, ವಿಷಯ ಬರೆದು, ಕೆಳಗೆ ಎರಡು ಸಾಲು ಬರೆದು ಮುಂದಕ್ಕೆ ಸರಿಸಿದಳು. ಅಂಬಾದಾಸ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ.

"ಭಾಷಾಂತರಾತ್ ಚೂಕ್ ಝಾಲಿ." ಭಾಷಾಂತರದಲ್ಲಿ ತಪ್ಪಾಯಿತು. ಅವನು ಕನ್ನಡಕದ ಮೇಲಿನಿಂದ ನೋಡಿದ. "ಕೋಣಾಚಿ?"

ಯಾರದು?

ವ್ಯಂಗ್ಯವಿರಲಿಲ್ಲ ಅವನ ಮಾತಿನಲ್ಲಿ. ಹೀಗೆ ಬರೆದರೆ ನಮ್ಮ ಸಾಹೇಬರು ಅದನ್ನೇ ಕೇಳುತ್ತಾರೆ, ಫೈಲು ಮುಚ್ಚಲು ಒಂದು ಹೆಸರು ಬೇಕು ಎಂದು ವಿವರಿಸಿದ. ಹರಿಣಾಕ್ಷಿಯ ಕಿವಿ ಬಿಸಿಯಾಯಿತು. ಆ ಎರಡು ಸಾಲನ್ನು ಅವಳು ಯೋಚಿಸಿ ಬರೆದಿರಲಿಲ್ಲ. ಕೈ ತಾನಾಗಿಯೇ ಹಾಗೆ ಬರೆದಿತ್ತು. ಈ ಹಾಳೆ ಇಲ್ಲೇ ಇರುತ್ತದೆ. ನಾಳೆ ಯಾರು ಬೇಕಾದರೂ ಓದಬಹುದು. ಕಾಲೇಜಿನ ಹೆಸರೂ ಅದರಲ್ಲಿ ಇರುತ್ತದೆ. ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ನಾಲ್ಕಾಗಿ ಮಡಚಿ ಪರ್ಸಿನೊಳಗಿಟ್ಟಳು. ಇನ್ನೊಂದು ಹಾಳೆ ಕೇಳಿದಳು.

ಈ ಸಲ ಹೊತ್ತು ಹಿಡಿಯಿತು. ಚಹಾದ ಮೇಲೆ ಕೆನೆ ಕಟ್ಟಿತು. ಬರೆದು ಮುಗಿಸಿ ಅಂಬಾದಾಸನ ಕಡೆ ಸರಿಸುವಷ್ಟರಲ್ಲಿ ನೀಲಗಂಗಾ ಮೇಜಿನ ಅಂಚಿನ ಮೇಲೆ ಕೈಯಿಟ್ಟಳು.

"ಅಕ್ಕಾರ, ಮೊದಲ ಕನ್ನಡದಾಗ ಹೇಳ್ರಿ. ಏನ್ ಬರದೀರಿ?"

ಹರಿಣಾಕ್ಷಿ ಹಾಳೆಯನ್ನು ಎತ್ತಿ ಹಿಡಿದು, ಪಾಠ ಒಪ್ಪಿಸುವ ಹುಡುಗಿಯಂತೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದಳು. "ನೀಲಗಂಗಾ ಹೇಳಿದ್ದನ್ನು ನಾನು ತಪ್ಪಾಗಿ ಬರೆದೆ. ಅವಳು ನನ್ನ ತಾಯಿಯನ್ನು ಬೀಳಿಸಲಿಲ್ಲ. ಬೀಳಿಸಿದೆ ಅಂತ ಅವಳು ಹೇಳಲೂ ಇಲ್ಲ. ಎಂತಾಯ್ತು ಅಂತ ನಾನು ಅವಳನ್ನಾಗಲಿ ತಾಯಿಯನ್ನಾಗಲಿ ಸರಿಯಾಗಿ ಕೇಳಲಿಲ್ಲ. ತಾಯಿ ಬೀಳುವಾಗ ಅವಳು ಅಡ್ಡ ಬಿದ್ದು ಅವರ ತಲೆ ಉಳಿಸಿದಳು. ಅದರಲ್ಲಿ ಅವಳ ಕೈಗೆ ಪೆಟ್ಟಾಯಿತು."

"ಉಳಿಸಿದಳು ಅಂತ ಬ್ಯಾಡ್ರಿ," ಅಂದಳು ನೀಲಗಂಗಾ.

"ಯಾಕೆ? ನಿಜವೇ ಅಲ್ವಾ ಅದು?"

"ನಾ ಏನ್ ಬೇಕಂತ ಅಡ್ಡ ಬಿದ್ದೀನೇನ್ರಿ? ಹಿಡಿಯಾಕ ಹೋದ್ನಿ, ನಂದೂ ಕಾಲು ಜಾರ್ತು, ಕೆಳಗ ಬಿದ್ದೆ. ಅವ್ವಾರ ತಲಿ ಉಳೀತು. ಉಳೀತು ಅಂತನ ಬರೀರಿ."

ಹರಿಣಾಕ್ಷಿ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. ಆ ಸಾಲನ್ನು ಹೊಡೆದು ಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ನೀಲಗಂಗಾ ಹೇಳಿದಂತೆಯೇ ಬರೆದಳು. ತಿದ್ದಿದ ಜಾಗದಲ್ಲಿ ಇನ್ನೊಂದು ಸಹಿ ಬೇಕು ಎಂದ ಅಂಬಾದಾಸ. ಹಾಕಿದಳು. ನೀಲಗಂಗಾ ತನ್ನ ಹೆಸರನ್ನು ಗುಂಡಗೆ ಬರೆದಳು. ಬರೆದ ಮೇಲೆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಓದಲು ಬಾರದ ಆ ಮರಾಠಿ ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

ಅಂಬಾದಾಸ ಎರಡು ಕಾಗದಗಳನ್ನು ಸೇರಿಸಿ ಪಿನ್ ಮಾಡಿದ. ಪಟ್ಟಿಯಲ್ಲಿ ಮತ್ತೆ ಸೇರಿಸಲು ಸಾಹೇಬರ ಒಪ್ಪಿಗೆ ಬೇಕು, ಹದಿನೈದು ದಿನವಾಗಬಹುದು ಎಂದ. ಸರ್ಟಿಫಿಕೇಟನ್ನು ಮಾತ್ರ ಕಪಾಟಿನಿಂದ ಹುಡುಕಿ ತೆಗೆದು, ಧೂಳು ಒರೆಸಿ, ನೀಲಗಂಗಾಳ ಕೈಗೆ ಕೊಟ್ಟ. ಪಟ್ಟಿಯ ಮಾತಿಗೆ ಅವಳು ತಲೆಯಾಡಿಸಿದಳಷ್ಟೇ. ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ವಾರ್ಡಿಗೆ ಹೆಂಗಸರು ಬೇಕಾಗಿದ್ದಾರಂತೆ, ಸರ್ಟಿಫಿಕೇಟ್ ಇದ್ದವರನ್ನೇ ತೆಗೆದುಕೊಳ್ಳುತ್ತಾರಂತೆ ಎಂದು ಮೆಟ್ಟಿಲಿಳಿಯುವಾಗ ಹರಿಣಾಕ್ಷಿಗೆ ಹೇಳಿದಳು.

ಸ್ಟೇಶನ್ನಿನವರೆಗೆ ಇಬ್ಬರೂ ನಡೆದೇ ಬಂದರು. ಮಧ್ಯಾಹ್ನದ ಬಿಸಿಲು. ನೀಲಗಂಗಾ ಸರ್ಟಿಫಿಕೇಟನ್ನು ಮಡಚಲು ಮನಸ್ಸಿಲ್ಲದೆ ಎದೆಗೊತ್ತಿ ಹಿಡಿದುಕೊಂಡಿದ್ದಳು. ದಾರಿಯಲ್ಲಿ ಸ್ಟೇಶನರಿ ಅಂಗಡಿ ಕಂಡಾಗ ಹರಿಣಾಕ್ಷಿ ಫೋಲ್ಡರ್ ಕೊಡಿಸಲು ನಿಂತಳು. "ನಾನ ತೊಗೊಳ್ತೀನ್ರಿ," ಎಂದು ನೀಲಗಂಗಾ ಮುಂದೆ ಹೋಗಿ, ನಾಲ್ಕಾರು ತೆಗೆಸಿ ನೋಡಿ, ಗುಂಡಿ ಇರುವ ನೀಲಿ ಫೋಲ್ಡರೊಂದನ್ನು ಕೊಂಡಳು.

ಹರಿಣಾಕ್ಷಿಯ ನೆರೂಳ ಗಾಡಿಗೆ ಇನ್ನೂ ಹೊತ್ತಿತ್ತು. ಬದಲಾಪುರದ ಗಾಡಿ ಮೊದಲು ಬರುವುದಿತ್ತು. ಹೆಂಗಸರ ಡಬ್ಬಿ ನಿಲ್ಲುವ ಜಾಗಕ್ಕೆ ಅವಳೂ ಜತೆಗೆ ಬಂದಳು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

"ಅವ್ವಾರಿಗಿ ರಾತ್ರಿ ಮಲಗೂವಾಗ ಕಾಲ ನಡುವ ದಿಂಬ ಇಡ್ತೀರಿಲ್ರಿ?" ಎಂದು ಕೇಳಿದಳು ನೀಲಗಂಗಾ. "ಸೊಂಟದ ಆಪರೇಶನ್ ಆದವರಿಗಿ ಇಡಬೇಕ್ರಿ. ಹೊಸ ಆಯಾಗ ಹೇಳ್ರಿ."

"ಇಡಲ್ಲ ಅಂತ ಕಾಣ್ತದೆ. ಹೇಳ್ತೇನೆ."

"ನೀವ ಒಮ್ಮಿ ನೋಡ್ರಿ."

"ನಾನೇ ನೋಡ್ತೇನೆ."

ಗಾಡಿ ಬಂತು. ಇಳಿಯುವವರಿಗೆ ದಾರಿ ಬಿಟ್ಟು, ಹತ್ತುವವರ ನಡುವೆ ಮೊಣಕೈಯಿಂದ ಜಾಗ ಮಾಡಿಕೊಂಡು ನೀಲಗಂಗಾ ಒಳಗೆ ಸೇರಿದಳು. ಕಿಟಕಿಯ ಸರಳುಗಳ ಆಚೆ ಅವಳ ಹಸಿರು ಸೀರೆ ಒಂದು ಸೀಟಿನ ತುದಿಯಲ್ಲಿ ನಿಂತಿತು. ಮೂವರ ಸೀಟಿನಲ್ಲಿ ಮೂವರು ಕೂತಿದ್ದರು; ಒಬ್ಬಳು ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದಳು. ನೀಲಗಂಗಾ ಏನೋ ಅಂದಳು. ಬಟಾಣಿಯವಳು ತಲೆಯೆತ್ತದೆ, ಸುಲಿಯುವುದನ್ನೂ ನಿಲ್ಲಿಸದೆ, ಸೊಂಟದಿಂದ ಪಕ್ಕದವಳನ್ನು ಒತ್ತಿದಳು. ಅವಳು ಕಿಟಕಿಯವಳನ್ನು ಒತ್ತಿದಳು. ಒಂದು ಗೇಣು ಜಾಗವಾಯಿತು. ನೀಲಗಂಗಾ ನೀಲಿ ಫೋಲ್ಡರನ್ನು ತೊಡೆಯ ಮೇಲಿಟ್ಟುಕೊಂಡು, ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ ಕೂತಳು. ಗಾಡಿ ಹೊರಟಿತು.